ಮೆಣಸಿನಕಾಯಿ ಮೇಲೆ ಹಾಸಿದ ಅಂಗಿ

ಅರೆ ಒಣಗಿದ ಬಟ್ಟೆಯ ಮುಗ್ಗು ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಬ್ಯಾಡಗಿಯ ನಮ್ಮ ಮಾಳಿಗೆ ಕಣ್ಣಮುಂದೆ ಬರುತ್ತದೆ.

ಮೂರು ದಿನ ಮೋಡ ಮುಚ್ಚಿತ್ತು. ಮನೆಯೊಳಗೇ ಆರಿದ ನನ್ನ ಶಾಲೆಯ ಅಂಗಿ ಎಷ್ಟು ನಾರುತ್ತಿತ್ತೆಂದರೆ, ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋದಳು. ನಾಲ್ಕನೆಯ ದಿನ ಬಿಸಿಲು ಬಿದ್ದಾಗ ಅವ್ವ ಮಾಳಿಗೆಯ ತುಂಬ ಮೆಣಸಿನಕಾಯಿ ಹರವಿದಳು. ಎಲ್ಲಕ್ಕಿಂತ ಬೆಚ್ಚಗಿದ್ದುದು ಆ ಕೆಂಪು ಹಾಸೇ. ನಮ್ಮೂರ ಕಾಯಿಗೆ ಖಾರ ಕಡಿಮೆ ಎಂದು ದೊಡ್ಡವರು ಹೇಳುವುದನ್ನು ನಂಬಿ, ತೊಳೆದ ಅಂಗಿಯನ್ನು ಅದರ ಮೇಲೇ ಹಾಸಿದೆ.

ಸಂಜೆ ಹಾಕಿಕೊಂಡು ನೋಡಿದರೆ ಕುತ್ತಿಗೆಯೆಲ್ಲ ಉರಿ.

"ಖಾರ ಕಡಿಮಿ ಅಂತ ನಾಲಿಗಿಗೆ ಹೇಳು. ಚರ್ಮಕ್ಕ ಹೇಳಿದ್ರ ಕೇಳತೈತೇನು?" ಎನ್ನುತ್ತ ಅವ್ವ ಅಂಗಿಯನ್ನು ಮತ್ತೆ ಒಗೆದು, ಝಾಡಿಸಿ, ಒಳಮೈ ಹೊರಗೆ ಮಾಡಿ, ತೋಳು ಬಿಡಿಸಿ ಗಾಳಿಗೆ ಹಾಕಿದಳು. ಬೆಳಿಗ್ಗೆ ಕಾಲರನ್ನು ಕೆನ್ನೆಗೆ ಒತ್ತಿ ನೋಡಿದಳು. ಇನ್ನೂ ಹಸಿಯಿತ್ತು.

"ಹಸಿ ಅಂಗಿ ಹಾಕಬ್ಯಾಡ. ಬಣ್ಣದ್ದು ಹಾಕ್ಕೊಂಡು ಹೋಗು. ಕೇಳಿದ್ರ ಖರೇ ಹೇಳು."

ಶಾಲೆಯ ಅಂಗಿ ಯಾಕೆ ಹಾಕಿಲ್ಲ ಎಂದು ಸರ್ ಕೇಳಿಯೇ ಕೇಳಿದರು. ಎದ್ದು ನಿಂತೆ.

"ಅಂಗಿ ಪೂರ್ತಿ ಒಣಗಿಲ್ರಿ ಸರ್. ಒಣಗೂತನಕ ಹಾಕೂದಿಲ್ರಿ."

ಕ್ಲಾಸೆಲ್ಲ ನಕ್ಕಿತು. ಗೆಳತಿ ಮಾತ್ರ ಪಾಟಿಚೀಲ ಎತ್ತಿಕೊಂಡು ನನ್ನ ಬೆಂಚಿಗೆ ಬಂದು ಕೂತಳು.