ಟಾಪ್ ಕವರ್

ಬಾತ್‌ರೂಮಿನ ಬಾಗಿಲು ಬಡಿದಾಗ ಅನಸೂಯಾಳ ಎಡಗಣ್ಣು ವಾಷ್‌ಬೇಸಿನ್ನಿನಲ್ಲಿ ಬಿದ್ದಿತ್ತು.

"ಅನೂ, ಫ್ಲೈಟ್ ಮಿಸ್ಸಾಗುತ್ತೆ ಕಣೇ! ಒಳಗೆ ಏನ್ ಮಾಡ್ತಿದೀಯ?"

"ಬಂದೆ ರೀ, ಒಂದ್ನಿಮಿಷ!"

ಬಿದ್ದದ್ದು ಕಣ್ಣಲ್ಲ, ಕಣ್ಣೊಳಗಿನ ಲೆನ್ಸು. ಅದಿಲ್ಲದಿದ್ದರೆ ಅವಳಿಗೆ ಕಣ್ಣಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೇಸಿನ್ ತುಂಬ ಬೆರಳಾಡಿಸಿ ಹುಡುಕಿದಳು, ತೊಳೆದಳು, ಉರಿಯುತ್ತಿದ್ದ ಕಣ್ಣಿಗೆ ಹಾಕಿಕೊಂಡಳು. ಮದುವೆಯಾಗಿ ಮೂರು ವರ್ಷ. ಹೆಂಡತಿ ಸೋಡಾಬುಡ್ಡಿ ಎಂಬುದು ತ್ರಿವಿಕ್ರಮನಿಗೆ ಇನ್ನೂ ಗೊತ್ತಿಲ್ಲ. ಪುಣ್ಯಕ್ಕೆ ಅವನು ಮೊದಲ ದಿನವೇ ಹೊರಗಿನ ಸಣ್ಣ ಬಾತ್‌ರೂಮು ತನಗಿರಲೆಂದು, ರೂಮಿನದ್ದನ್ನು ಅವಳಿಗೇ ಬಿಟ್ಟುಕೊಟ್ಟಿದ್ದ.

ತಪ್ಪು ಅವಳೊಬ್ಬಳದಲ್ಲ. ಮೈಸೂರಿನಲ್ಲಿ ಹೆಣ್ಣು ನೋಡಲು ಬರುವ ಮೊದಲೇ ಗಂಡಿನ ಕಡೆಯವರು ಹೇಳಿ ಕಳಿಸಿದ್ದರು: ಹುಡುಗಿ ಬಣ್ಣ ಕಮ್ಮಿಯಾದರೂ ಪರವಾಗಿಲ್ಲ, ಕನ್ನಡಕ ಮಾತ್ರ ಇರಕೂಡದು. ಅಮ್ಮ ಅವಳ ಕನ್ನಡಕ ಕಿತ್ತು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಅನಸೂಯಾ ಗೋಡೆ ಸವರಿಕೊಂಡು ಬಂದು, ಮಸುಕಾಗಿ ಕಂಡ ನೀಲಿ ಶರಟಿನ ಮುಂದೆ ಕಾಫಿ ಹಿಡಿದಳು. ಹುಡುಗ ತಲೆಯೆತ್ತಿ ನೋಡಲೂ ಇಲ್ಲವಂತೆ. ಎಂಥ ಸಂಕೋಚದ ಪ್ರಾಣಿ ಎಂದು ಮನೆಮಂದಿಯೆಲ್ಲ ಮೆಚ್ಚಿದರು. ಸಿಡ್ನಿಯ ಇಂಜಿನಿಯರು ಬೇರೆ. ಮದುವೆ ಆಗಿಯೇ ಹೋಯಿತು.

ಗಂಡ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಇವನೋ ಪಾಪದವನು. ಅವಳು ಸಿಡ್ನಿಯ ಕ್ವೇಕರ್ಸ್ ಹಿಲ್‌ಗೆ ಬಂದಿಳಿದ ತಿಂಗಳೇ ಇಬ್ಬರಿಗೂ ಸೇರಿ ಪ್ರೈವೇಟ್ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ. ಅದೂ ಅಂತಿಂಥದ್ದಲ್ಲ, ಎಲ್ಲ ಚಿಕಿತ್ಸೆಗೂ ದುಡ್ಡು ಬರುವ ಟಾಪ್ ಕವರ್. "ಅಷ್ಟು ದೊಡ್ಡದ್ಯಾಕ್ರೀ?" ಎಂದರೆ, ಎಲ್ಲೋ ನೋಡುತ್ತ, "ಮುಂದೆ ಮಗು ಗಿಗು ಆದ್ರೆ ಬೇಕಾಗುತ್ತೆ, ಇರ್ಲಿ ಬಿಡು" ಎಂದಿದ್ದ.

ಕನ್ನಡಕವೇ ಬೇಡವಾಗಿಸುವ ಲೇಸರ್ ಆಪರೇಷನ್ನಿಗೂ ಆ ಕವರ್‌ನಲ್ಲಿ ದುಡ್ಡು ಬರುತ್ತದೆಂದು ಅನಸೂಯಾ ಈಚೆಗೆ ಗುಟ್ಟಾಗಿ ಕೇಳಿ ತಿಳಿದುಕೊಂಡಿದ್ದಳು. ಇನ್ನು ಲೆನ್ಸ್ ಹಾಕಿದರೆ ಕಣ್ಣೇ ಹೋಗುತ್ತದೆಂದು ಡಾಕ್ಟರು ಗದರಿದ್ದರು. ಕನ್ನಡಕ ಹಾಕಿ ಮೂರು ವರ್ಷದ ಮೋಸ ಒಪ್ಪಿಕೊಳ್ಳಬೇಕು, ಇಲ್ಲವೇ ಕದ್ದು ಲೇಸರ್ ಮಾಡಿಸಬೇಕು. ಸಿಡ್ನಿಯಲ್ಲಾದರೆ ಕನ್ನಡ ಸಂಘದ ಆಂಟಿಯರ ಬಾಯಿಗೆ ಬೀಳುತ್ತದೆ. ಮೆಲ್ಬರ್ನೇ ವಾಸಿ. ಅಲ್ಲಿ ದೊಡ್ಡಮ್ಮನ ಮಗಳು ಭಾಗೀರಥಿ ಇದ್ದಳು. ಹೋಗಲು ನೆಪ ಬೇಕಲ್ಲ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಭಾಗಕ್ಕಂಗೆ ಸೀಮಂತ ಕಣ್ರೀ."

ಭಾಗೀರಥಿ ಬಸುರಿಯೇ ಅಲ್ಲ.

ಏರ್‌ಪೋರ್ಟಿನಲ್ಲಿ ಇಳಿಸುವಾಗ ತ್ರಿವಿಕ್ರಮ ಅವಳ ಮುಖ ನೋಡಿದ. "ಕಣ್ಣು ಕೆಂಪಗಿದೆಯಲ್ಲೇ?"

ಅವಳು ಮುಖ ತಿರುಗಿಸಿದಳು. "ಧೂಳು ಬಿತ್ತು."

"ಉಜ್ಜಬೇಡ. ಕಣ್ಣಿನ ವಿಷಯದಲ್ಲಿ ಹುಡುಗಾಟ ಅಲ್ಲ." ಆಮೇಲೆ ಹಿಂದಿನ ಸೀಟಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ. ಹಸಿರು ಗಾಜಿನ ಬಳೆ. "ಸೀಮಂತಕ್ಕೆ ಬೇಕಾಗುತ್ತಲ್ಲ, ಊರೆಲ್ಲಾ ಹುಡುಕಿ ತಂದೆ."

ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

ವಿಮಾನದಲ್ಲಿ ಕೂತು ತನ್ನ ಪಾಪಗಳನ್ನು ಒಂದೊಂದಾಗಿ ನೆನೆದಳು. ಹೋದ ವರ್ಷ, ತೊಂಬತ್ತೈದರಲ್ಲಿ, ಅವನಿಗೆ ಮದ್ರಾಸ್ ಐ ಬಂದಿತ್ತು. ಆಫೀಸಿನವರು ಯಾರೋ ಇಂಡಿಯಾದಿಂದ ಹೊತ್ತು ತಂದದ್ದಂತೆ. "ನನ್ ಕಣ್ಣು ನೋಡ್ಬೇಡ, ನಿಂಗೂ ಅಂಟುತ್ತೆ" ಎಂದು ಕಪ್ಪು ಕನ್ನಡಕ ಹಾಕಿ, ಒಂದು ವಾರ ಇನ್ನೊಂದು ರೂಮಿನಲ್ಲಿ ಮಲಗಿದ್ದ. ಅವಳು ಬಾಗಿಲ ಹತ್ತಿರ ಊಟದ ತಟ್ಟೆ ಇಟ್ಟು ಬರುತ್ತಿದ್ದಳು. ಅವನು ಒಳಗೆ ನರಳುತ್ತಿದ್ದರೆ ಇವಳು ಸೂಟ್‌ಕೇಸಿನ ತಳದಿಂದ ಹಳೆಯ ಕನ್ನಡಕ ತೆಗೆದು ಹಾಕಿಕೊಂಡು, ಒಗ್ಗರಣೆಯ ಸಾಸಿವೆ ಕಾಳು ಕಾಳಾಗಿ ಕಾಣುತ್ತದೆಂದು ಹಾಡು ಗುನುಗಿದ್ದಳು. ಮದುವೆಯಾದ ಮೇಲೆ ಅಷ್ಟು ನೆಮ್ಮದಿಯ ವಾರ ಇನ್ನೊಂದಿರಲಿಲ್ಲ. ಥೂ, ನಾನೆಂಥ ಹೆಂಗಸು, ಎಂದು ತನ್ನನ್ನೇ ಬೈದುಕೊಂಡಳು.

ಮೆಲ್ಬರ್ನಿನಲ್ಲಿ ಭಾಗೀರಥಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ವೇ, ಇಲ್ದಿರೋ ಮಗೂಗೆ ಸೀಮಂತ ಮಾಡ್ಬಿಟ್ಯಲ್ಲೇ! ನಾಳೆ ನಿನ್ ಗಂಡ ಫೋನ್ ಮಾಡಿ ಗಂಡೋ ಹೆಣ್ಣೋ ಅಂದ್ರೆ ಏನ್ ಹೇಳ್ಲಿ?" ಬಳೆಯ ಪೊಟ್ಟಣ ಬಿಚ್ಚಿದ ಮೇಲೆ ಅವಳ ನಗು ನಿಂತಿತು. "ಪಾಪ ಕಣೇ. ಹೇಳ್ಬಿಡು ಅವನಿಗೆ."

"ಹೇಳಿದ್ರೆ ಇನ್ಮೇಲೆ ನನ್ನ ಒಂದು ಮಾತನ್ನಾದ್ರೂ ನಂಬ್ತಾರಾ ಅಕ್ಕಾ?"

ಭಾಗೀರಥಿ ಕಾರಿನ ಕೀ ತೆಗೆದುಕೊಂಡಳು.

ಕ್ಲಿನಿಕ್ಕಿನಲ್ಲಿ ಅನಸೂಯಾ ಗಂಡನ ಪರ್ಸಿನಿಂದ ಎಗರಿಸಿ ತಂದಿದ್ದ ಇನ್ಶೂರೆನ್ಸ್ ಕಾರ್ಡನ್ನು ಕೌಂಟರಿನ ಮೇಲಿಟ್ಟಳು. ಅಲ್ಲಿದ್ದ ಹುಡುಗಿ ಕಂಪನಿಗೆ ಫೋನ್ ಮಾಡಿ ಪಾಲಿಸಿ ವಿಚಾರಿಸತೊಡಗಿದಳು. ಅನಸೂಯಾ ಕಾಯುತ್ತ ಕೂತಳು. ಹುಟ್ಟದ ಮಗುವಿಗೆಂದು ಅವನು ಮಾಡಿಸಿದ ಕವರು. ಅದನ್ನೇ ಕದ್ದು ತಂದು ತನ್ನ ಸುಳ್ಳಿಗೆ ಹೊದಿಸುತ್ತಿದ್ದಾಳೆ. ಅಳು ಒತ್ತರಿಸಿ ಬಂತು. ಸಾಕು, ಸಾಕಪ್ಪಾ ಸಾಕು. ಕನ್ನಡಕ ಹಾಕಿಕೊಂಡೇ ಮನೆಗೆ ಹೋಗುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಕಾಲು ಹಿಡಿ ಎಂದರೆ ಹಿಡಿಯುತ್ತೇನೆ. ಒಂದು ಸುಳ್ಳೂ ಆಡದ ಮನುಷ್ಯನ ಜೊತೆ ಇನ್ನೊಂದು ದಿನವೂ ಹೀಗೆ ಬದುಕಲಾರೆ.

ಆಪರೇಷನ್ ಬೇಡವೆಂದು ಹೇಳಲು ಅವಳು ಎದ್ದು ಹೋದಳು. ಹುಡುಗಿ ಫೋನ್ ಹಿಡಿದುಕೊಂಡೇ, ತಡೆಯಿರಿ ಎಂದು ಕೈ ತೋರಿಸಿದಳು. ಆಮೇಲೆ ಫೋನ್ ಇಟ್ಟು, ಮುಖ ಸಣ್ಣದು ಮಾಡಿಕೊಂಡಳು.

"ಸಾರಿ, ಲೇಸರ್‌ಗೆ ಅವರು ಒಂದು ಪಾಲಿಸಿಗೆ ಒಂದೇ ಸಲ ಕೊಡುವುದಂತೆ, ನಿಮ್ಮದರಲ್ಲಿ ಅದು ಹೋದ ವರ್ಷವೇ ಮುಗಿದಿದೆ. ನಿಮ್ಮ ಗಂಡನದು, ಎರಡೂ ಕಣ್ಣು."