ಕಿವಿಯ ಹತ್ತಿ

ಊರಿನ ಎಲ್ಲ ಮನೆಗಳಂತೆ ಸೂಲಗಿತ್ತಿ ನೀಲವ್ವನ ಮನೆಯ ಬಾಗಿಲೂ ಒಳಗಿನವರು ಮೊಬೈಲಿನಲ್ಲಿ ದಿನದ ಒಂದು ತಾಸು ರೀಲ್ಸ್ ನೋಡಿ ಮುಗಿಸದೆ ತೆರೆಯುತ್ತಿರಲಿಲ್ಲ. ನಡುವೆ ಕಣ್ಣು ಆಚೀಚೆ ಹೊರಳಿದರೆ ಮತ್ತೆ ಮೊದಲಿನಿಂದ ನೋಡಬೇಕು.

ಎದುರುಮನೆಯ ಗೌರಕ್ಕನ ಸೊಸೆ ಹೆರಿಗೆ ನೋವಿನಿಂದ ಚೀರುತ್ತಿದ್ದಳು. ಚೀರಿದಾಗಲೆಲ್ಲ ನೀಲವ್ವನ ಕತ್ತು ತಾನಾಗಿ ಕಿಟಕಿಯತ್ತ ತಿರುಗುತ್ತಿತ್ತು. ಮೂರನೆಯ ಸಲ ತಾಸು ಮೊದಲಿನಿಂದ ಶುರುವಾದಾಗ, ಹೆರಿಗೆಗೆಂದು ತೆಗೆದಿಟ್ಟಿದ್ದ ಹತ್ತಿಯನ್ನೇ ಕಿವಿಗೆ ತುರುಕಿಕೊಂಡು ಕೂತಳು.

ಬಾಗಿಲು ಖಟ್ಟೆಂದು ತೆರೆದದ್ದು ಅವಳಿಗೆ ಕೇಳಿಸಲೇ ಇಲ್ಲ.

ತನ್ನ ತಾಸನ್ನು ಬೆಳಿಗ್ಗೆಯೇ ಮುಗಿಸಿದ್ದ ಗೌರಕ್ಕ ಓಡಿಬಂದು ಹತ್ತಿ ಕಿತ್ತೆಸೆದಳು. “ಬಾಗ್ಲ ಆವಾಗ್ಲೇ ತಗದೈತಿ, ಏಳಬೇ ನೀಲವ್ವಾ! ಕೂಸಿನ ತಲಿ ಕಾಣಾಕತ್ತೈತಿ!”

ಎದುರುಮನೆಯಿಂದ ಮತ್ತೆ ಚೀರು ಕೇಳಿಸಿತು. ಈ ಸಲ ನೀಲವ್ವನ ಕತ್ತು ತಿರುಗಲಿಲ್ಲ.

“ತಡಿಯವ್ವಾ, ಇದೊಂದು ಮುಗೀಲಿ.”