ದ್ವೀಪದಲ್ಲಿ ಒಂದು ಹಿಡಿ ಮಣ್ಣು

ದೋಣಿ ದ್ವೀಪಕ್ಕೆ ತಾಗಿದ ಕೂಡಲೇ ಸಾವಿತ್ರಮ್ಮ ಕೇಳಿದ್ದು ಒಂದೇ ಮಾತು. "ಇಲ್ಲಿ ಮಣ್ಣು ಎಲ್ಲೈತಪ್ಪಾ?"

"ಮಣ್ಣಾ? ಇದು ಬರೀ ಬಂಡೆ ಅಮ್ಮ," ಎಂದು ದೋಣಿಯವನು ನಕ್ಕ. "ಜನ ಬರೋದು ಹಕ್ಕಿ ನೋಡ್ಲಿಕ್ಕೆ. ಆ ತುದಿಯಲ್ಲಿ ಅಲೆ ಬಡಿದು ಬಡಿದು ಬಂಡೆ ಕಮಾನಿನ ಹಾಗೆ ಆಗಿದೆ. ನಿಂತು ಫೋಟೋ ತೆಗೆಸ್ಕೊಳ್ಳಿ."

ಸಾವಿತ್ರಮ್ಮನಿಗೆ ಫೋಟೋ ಬೇಕಿರಲಿಲ್ಲ. ಅವಳ ಕೈಯ ಮಡಿಬಟ್ಟೆಯ ಗಂಟಿನಲ್ಲಿ ಅಪ್ಪ ಪಂಚಾಕ್ಷರಪ್ಪನ ಇಷ್ಟಲಿಂಗವಿತ್ತು. ಜಪಾನಿನವರ ಹಡಗು ಬಂದೀತೆಂದು ಈ ದ್ವೀಪದಲ್ಲಿ ಕಾವಲಿಗೆ ಹಾಕಿದ್ದ ಸಿಪಾಯಿಗಳಲ್ಲಿ ಅವನೊಬ್ಬ. ಅಜ್ಜಂಪುರ ಬಿಡುವ ದಿನ, ಕಡಲಲ್ಲಿ ಕಳೆದುಹೋದೀತೆಂದು ಹೆದರಿ ಲಿಂಗವನ್ನು ಬಸುರಿ ಹೆಂಡತಿಯ ಕೈಗೆ ಕೊಟ್ಟು, ಬಂದು ಕಟ್ಟಿಕೊಳ್ತೀನಿ ಅಂದಿದ್ದ. ಜ್ವರ ಬಂದು ಇಲ್ಲೇ ತೀರಿಕೊಂಡ. ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಬೇಕಾದ ಜೀವ ಬರಿಗೈಯಲ್ಲಿ ಹೋಯಿತು; ಎಲ್ಲಿ ಮಣ್ಣು ಮಾಡಿದರೆಂದೂ ಮನೆಗೆ ತಿಳಿಯಲಿಲ್ಲ. ಆಮೇಲೆ ಅವ್ವ ಬದುಕಿರುವ ತನಕ ತನ್ನದು, ಗಂಡನದು ಎರಡೂ ಲಿಂಗಕ್ಕೆ ಪೂಜೆ ಮಾಡಿದಳು, ಅವ್ವನ ನಂತರ ಸಾವಿತ್ರಮ್ಮ. ತಾನು ಕಣ್ಣು ಮುಚ್ಚುವುದರೊಳಗೆ ಅಪ್ಪನ ಲಿಂಗ ಅವನಿದ್ದ ಕಡೆಯ ಮಣ್ಣು ಸೇರಬೇಕು, ಇಷ್ಟೇ ಅವಳ ಆಸೆ.

ಮಗ ಪ್ರಸನ್ನಕುಮಾರ್ ಕಳೆಗುದ್ದಲಿ ಹಿಡಿದು ಅಲ್ಲಿ ಇಲ್ಲಿ ಕೆರೆದ. ಕೆರೆದಲ್ಲೆಲ್ಲ ಕಲ್ಲು ಠಣ್ ಅಂದಿತು.

"ಅವ್ವಾ, ನೀರಿಗೆ ಬಿಟ್ಬಿಡು. ಎಲ್ಲಾ ಒಂದೇಯ."

"ನಿಮ್ಮಜ್ಜಂಗೆ ಈಜು ಬರ್ತಿರ್ಲಿಲ್ಲ ಕಣೋ. ನೀರಿನ ಭಯಕ್ಕೇ ಬಿಟ್ಟು ಬಂದಿದ್ದು. ತಿರುಗಿ ನೀರಿಗೇ ಹಾಕು ಅಂತೀಯಲ್ಲ!"

ದೋಣಿಯವನ ನಗು ನಿಂತಿತು. "ಮೇಲೆ ಸ್ವಲ್ಪ ಮಣ್ಣುಂಟು ಅಮ್ಮ. ಯುದ್ಧದ ಕಾಲದಲ್ಲಿ ಸಿಪಾಯಿಗಳೇ ದಡದಿಂದ ಗೋಣಿಚೀಲದಲ್ಲಿ ಹೊತ್ತು ತಂದು ಅಡ್ಡಗೋಡೆ ಒಟ್ಟಿದ್ದಂತೆ. ಚೀಲ ಕೊಳೆತು ಮಣ್ಣು ಉಳಿಯಿತು. ಆದ್ರೆ ಈಗ ಅಲ್ಲಿ ಹಕ್ಕಿ ಮೊಟ್ಟೆ ಇಟ್ಟಿದೆ. ಹಕ್ಕಿ ಎದ್ರೆ ಈ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗ್ತದೆ. ಯಾರನ್ನೂ ಬಿಡೋದಿಲ್ಲ ನಾವು."

"ನಾನೊಬ್ಳೇ ಹೋಗ್ತೀನಿ. ಬೇಯಕ್ಕೆ ಬಿಡಲ್ಲ."

ಅವನು ಅವಳ ಕೈಯ ಗಂಟನ್ನೇ ನೋಡಿದ. "ಬೇಗ ಬರ್ಬೇಕು ಮತ್ತೆ," ಅಂದ.

ಮಗನ ತೋಳು ಹಿಡಿದು ಹತ್ತಿ, ಕೊನೆಯ ಬಂಡೆಯ ಬಳಿ ಅವನನ್ನು ನಿಲ್ಲಿಸಿ ಸಾವಿತ್ರಮ್ಮ ಮುಂದೆ ಹೋದಳು. ಬಿಳಿಯ ಹಕ್ಕಿಯೊಂದು ಚೀರುತ್ತಾ ಎದ್ದಿತು. ನೆಲದಲ್ಲಿ ಚುಕ್ಕೆ ಚುಕ್ಕೆಯ ಒಂದು ಮೊಟ್ಟೆ. ಮಂಡಿಯೂರಿ ಎಡಗೈಯಿಂದ ಸೆರಗು ಹರಡಿ ಅದಕ್ಕೆ ನೆರಳು ಹಿಡಿದಳು. ಬಲಗೈಯಿಂದ ಗೇಣು ದೂರದಲ್ಲಿ ತೋಡಿದಳು. ಹಕ್ಕಿ ಬಂದು ಬಂದು ತಲೆ ಕುಕ್ಕಿತು. ವಿಭೂತಿಯೊಂದಿಗೆ ಲಿಂಗವನ್ನಿಟ್ಟು ಮಣ್ಣೆಳೆದು ಅಂಗೈಯಲ್ಲಿ ಒತ್ತಿದಳು.

"ಮಂತ್ರ ಹೇಳಿದ್ಯೇನವ್ವಾ?" ಇಳಿದು ಬಂದವಳನ್ನು ಪ್ರಸನ್ನಕುಮಾರ್ ಕೇಳಿದ.

"ಹೊತ್ತೆಲ್ಲಿತ್ತೋ! ಆ ಬಾಣಂತಿ ಬಿಡ್ಬೇಕಲ್ಲ."

ಇಬ್ಬರೂ ತಿರುಗಿ ನೋಡಿದರು. ಹಕ್ಕಿ ಇಳಿದು ಮೊಟ್ಟೆಯ ಮೇಲೆ ಕೂತಿತ್ತು. ಕೂತು, ಮೈ ಉಬ್ಬಿಸಿ, ಅಗಲಿಸಿದ ಒಂದು ರೆಕ್ಕೆಯಿಂದ ಪಕ್ಕದ ಹಸಿಮಣ್ಣನ್ನೂ ಮುಚ್ಚಿತ್ತು.